ಫ್ಯೂಸ್ ತಂತಿ ಕೊಡದ ಮೇಸ್ತ್ರಿ

ಉಂಗುರ ಇಲ್ಲದೆ ಉಂಗುರ ಹಾಕಿಕೊಂಡ ಗಂಡಸನ್ನು ನೀವು ಯಾವತ್ತಾದರೂ ನೋಡಿದ್ದೀರಾ? ತಲೆ ಕೆರೆದುಕೊಳ್ಳಬೇಡಿ, ನೋಡಿರುವುದಿಲ್ಲ. ನಾನು ನೋಡಿದ್ದೇನೆ. ಬಲಗೈಯ ಉಂಗುರದ ಬೆರಳಿನ ಬುಡದಲ್ಲಿ ಸುತ್ತಲೂ ಒಂದು ಬಿಳಿ ಗೆರೆ. ಸುಟ್ಟು, ಮಾಗಿ, ಮತ್ತೆ ಬಣ್ಣ ಬರದ ಚರ್ಮ. ಉಳಿದ ಕೈಯೆಲ್ಲ ಗ್ರೀಸಿನ ಕಪ್ಪು, ಬ್ಯಾಟರಿಯ ಆಸಿಡ್ ತಿಂದ ಚುಕ್ಕೆಗಳು. ಎಷ್ಟು ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗದ ಆ ಕಪ್ಪಿನ ನಡುವೆ ಗೆರೆಯೊಂದು ಮಾತ್ರ ಈಗಷ್ಟೇ ತೊಳೆದಿಟ್ಟ ಹಾಗೆ ಕಾಣುತ್ತಿತ್ತು.

ಅವರು ಶಿರಸಿಯಲ್ಲಿ ಕಾರು, ಲಾರಿಗಳ ವೈರಿಂಗ್ ಮಾಡುತ್ತಿದ್ದ ಮೇಸ್ತ್ರಿ. ಹೆಸರು ಹೇಳುವುದಿಲ್ಲ. ಅವರು ಬದುಕಿದ್ದಾಗ ಆ ಹೆಸರಿಗೆ ನಾನು ಮಾಡಿದ್ದೇ ಸಾಕು. ಫೋನಿನಲ್ಲಿ ಒಂದೇ ಬೆರಳಿನಿಂದ ಕುಟ್ಟಲು ಈಗಷ್ಟೇ ಕಲಿತಿದ್ದೇನೆ, ಸುತ್ತಿ ಬಳಸಿ ಹೇಳುವ ತ್ರಾಣ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ನನಗೆ ಹದಿನೆಂಟೋ ಹತ್ತೊಂಬತ್ತೋ. ಯಲ್ಲಾಪುರದ ಕಡೆಯ ವಜ್ರಳ್ಳಿಯಿಂದ ಮದುವೆಯಾಗಿ ಶಿರಸಿಗೆ ಬಂದಿದ್ದೆ. ಇವರು, ಅಂದರೆ ನನ್ನ ಗಂಡ, ಅಡಿಕೆ ಮಂಡಿಯ ಒಬ್ಬ ಸಾಹುಕಾರರ ಕಾರಿಗೆ ಡ್ರೈವರ್. ಸಾಹುಕಾರರು ಇಂದು ಹುಬ್ಬಳ್ಳಿ, ನಾಳೆ ಕಾರವಾರ. ಅವರು ಹೊರಟರೆ ಇವರೂ ಹೊರಟರು. ಬಾಡಿಗೆಯ ಎರಡು ಕೋಣೆಯಲ್ಲಿ ನಾನೊಬ್ಬಳೇ. ತವರಿನಲ್ಲಿ ಹದಿನಾಲ್ಕು ಜನರ ನಡುವೆ ಬೆಳೆದವಳು ನಾನು. ಅಲ್ಲಿ ಒಂದು ಸೀನು ಸೀನಿದರೆ ಮೂರು ಕಡೆಯಿಂದ ಯಾರಾದರೂ ಮಾತಾಡುತ್ತಿದ್ದರು. ಇಲ್ಲಿ ಇಡೀ ದಿನ ಸೀನಿದರೂ ಕೇಳುವವರಿಲ್ಲ. ಅನ್ನದ ಪಾತ್ರೆಗೆ "ಬೆಂದ್ಯನೇ?" ಎಂದು ಕೇಳಿ, ಅದರ ಪರವಾಗಿ ನಾನೇ ಉತ್ತರ ಕೊಟ್ಟುಕೊಳ್ಳುತ್ತಿದ್ದೆ.

ಅಡುಗೆಯ ಕೋಣೆಗೆ ಒಂದು ಕಿಟಕಿ. ಅದರ ಆಚೆ ಒಂದು ಮೋಟುಗೋಡೆ, ಗೋಡೆಯಾಚೆ ಮೇಸ್ತ್ರಿಯ ತಗಡಿನ ಶೆಡ್ಡು. ನಮ್ಮ ಕೋಣೆಗೆ ಇನ್ನೂ ಕರೆಂಟು ಬಂದಿರಲಿಲ್ಲ, ಚಿಮಣಿ ದೀಪವೇ ಗತಿ. ಹಾಗಾಗಿ ಒಂದು ಗುಂಡಿ ಒತ್ತಿದರೆ ಹಗಲಿನಂತೆ ಉರಿಯುವ ಆ ಕಾರಿನ ದೀಪಗಳನ್ನು ನೋಡುವುದೇ ನನಗೊಂದು ನಾಟಕ ನೋಡಿದ ಹಾಗೆ.

ಮೇಸ್ತ್ರಿ ಮಾತಾಡುವವರಲ್ಲ. ಬನವಾಸಿಯಾಚೆ ಹಾನಗಲ್ಲಿನ ಕಡೆಯವರು. ಒಬ್ಬರೇ ಇದ್ದರು, ಶೆಡ್ಡಿನ ಹಿಂದೆಯೇ ಮಲಗುತ್ತಿದ್ದರು, ತಾವೇ ರೊಟ್ಟಿ ಬಡಿದು ತಿನ್ನುತ್ತಿದ್ದರು. ಯಾವ ಗಾಡಿ ಬಂದರೂ ಅವರ ಮೊದಲ ಕೆಲಸ ಒಂದೇ. ಬಟ್ಟೆ ಸೋಪಿನಷ್ಟು ದಪ್ಪಕ್ಕೆ ಮಡಿಸಿದ ಚಿಂದಿ ಬಟ್ಟೆ ತಗೊಂಡು ಬ್ಯಾಟರಿಯ ಹತ್ತಿರ ಹೋಗುವುದು, ಗಾಡಿಯ ಮೈಗೆ ಕಟ್ಟಿದ ಕಡೆಯ ತಂತಿಯ ನಟ್ಟು ಬಿಚ್ಚುವುದು, ತಂತಿಗೆ ಬಟ್ಟೆ ಸುತ್ತಿ ಬದಿಗೆ ಸರಿಸುವುದು, ನಟ್ಟನ್ನು ತಮ್ಮ ಅಂಗಿಯ ಕಿಸೆಗೆ ಹಾಕಿಕೊಳ್ಳುವುದು. ಆಮೇಲೇ ಉಳಿದದ್ದು. ಹತ್ತು ದಿನ ನೋಡಿದೆ. ಹನ್ನೊಂದನೆಯ ದಿನ ತಡೆಯಲಿಲ್ಲ.

"ಮೇಸ್ತ್ರಿ, ಆ ನಟ್ಟು ಎಂತಕ್ಕೆ ಕಿಸೆಗೆ ಹಾಕ್ಕೊಳ್ಳೂದು? ಕಳ್ಳರು ಬರ್ತಾರಾ?"

ಮಾತು ಎಲ್ಲಿಂದ ಬಂತು ಎಂದು ಅವರು ಸುತ್ತ ನೋಡಿದರು. ಕಿಟಕಿ ಕಂಡಿತು. ಕೈಯಲ್ಲಿದ್ದ ನಟ್ಟನ್ನು ಕಿಸೆಗೆ ಹಾಕಿಕೊಂಡು ಹೇಳಿದರು:

"ಕಳ್ಳರು ಬಂದ್ರ ಚಿಂತಿಲ್ಲ ತಂಗೆವ್ವ. ಶಾಣ್ಯಾರು ಬರ್ತಾರ. ನಾ ಬಾನೆಟ್ಟಿನ್ಯಾಗ ತಲಿ ಹಾಕಿದಾಗ ಬಂದು, ಇದ್ಯಾಕ ಸಡ್ಲ ಐತಿ ಅಂತ ತಾವ ಬಿಗಿದು ಹೋಗ್ತಾರ. ನಟ್ಟು ನನ್ನ ಕಿಸೇದಾಗ ಇದ್ರ ನನ್ನ ಜೀವಾನೂ ನನ್ನ ಕಿಸೇದಾಗ."

ಆ ಊರಿನಲ್ಲಿ ನನ್ನನ್ನು ತಂಗಿ ಎಂದು ಮೊದಲು ಕರೆದವರು ಅವರು. ಮರುದಿನ ಒಂದು ತಂಬಿಗೆ ಮಜ್ಜಿಗೆ ಮಾಡಿ ಮೋಟುಗೋಡೆಯ ಮೇಲಿಟ್ಟು ಕೂಗಿದೆ. ಸಂಜೆ ತಂಬಿಗೆ ಗೋಡೆಯ ಮೇಲೆ ವಾಪಸ್ ಬಂದಿತ್ತು, ಬೂದಿ ಹಾಕಿ ಬೆಳಗಿದ್ದರು. ಒಳಗೆ ನೋಡುತ್ತೇನೆ, ಒಂದು ಸುಟ್ಟುಹೋದ ಕಾರಿನ ಬಲ್ಬು.

"ಎಂತ ಮೇಸ್ತ್ರಿ ಇದು?"

"ಖಾಲಿ ಪಾತ್ರಿ ಹೊಳ್ಳಿ ಕೊಡಬಾರದಂತ ನಮ್ಮವ್ವ ಹೇಳ್ತಿದ್ಲು. ನನ್ನ ಹತ್ರ ಬ್ಯಾರೆ ಏನೂ ಇರಲಿಲ್ಲ."

ಅಲ್ಲಿಂದ ಅದೇ ನಡೆಯಿತು. ನಾನು ಮಜ್ಜಿಗೆ ಇಡುವುದು, ಅವರು ಸತ್ತ ಬಲ್ಬು ಹಾಕಿ ಕೊಡುವುದು. ಬಲ್ಬುಗಳನ್ನು ದಾರಕ್ಕೆ ಪೋಣಿಸಿ ಕಿಟಕಿಗೆ ತೋರಣ ಕಟ್ಟಿದೆ. ಅವು ಉರಿಯುವುದಿಲ್ಲ, ನಿಜ. ಆದರೆ ಬೆಳಗಿನ ಬಿಸಿಲು ಬಿದ್ದರೆ ಗೋಡೆಯ ಮೇಲೆ ಸಣ್ಣ ಸಣ್ಣ ಬೆಳಕು ಆಡುತ್ತಿತ್ತು. ಇವರು ಊರಿಂದ ಬಂದವರು ತೋರಣ ನೋಡಿ, "ಇದು ಎಂತ ಹುಚ್ಚೇ?" ಎಂದರು. "ನಿಮ್ಮ ಕಾರಿನ ಕಣ್ಣು ಕಿತ್ತಿಟ್ಟಿದ್ದೆ, ನನ್ನ ಬಿಟ್ಟು ಹೋಗಡಿ ಹೇಳಿ," ಎಂದೆ. ಮರುದಿನ ಬೆಳಿಗ್ಗೆ ಮತ್ತೆ ಹೊರಟೇ ಹೋದರು.

ಉಂಗುರದ ಕಥೆ ಕೇಳಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಅದೂ ಕಾಡಿ ಕಾಡಿ. ಹರೆಯದಲ್ಲಿ ಮೇಸ್ತ್ರಿ ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿದ್ದರಂತೆ. ಹೊಸದಾಗಿ ಮದುವೆಯಾಗಿತ್ತು. ಕೈಯಲ್ಲಿ ಮಾವ ಕೊಟ್ಟ ಬಂಗಾರದ ಉಂಗುರ. ಅವಸರದಲ್ಲಿ ಬ್ಯಾಟರಿಯಿಂದ ಗಾಡಿಯ ಮೈಗೆ ಹೋಗುವ ತಂತಿಯನ್ನು ಬಿಡಿಸದೆ, ಕರೆಂಟಿನ ಕಡೆಯದಕ್ಕೇ ಮೊದಲು ಸ್ಪ್ಯಾನರ್ ಹಾಕಿದರು. ಸ್ಪ್ಯಾನರ್ ಹಿಡಿದ ಕೈಯ ಉಂಗುರ ಹೋಗಿ ಗಾಡಿಯ ತಗಡಿಗೆ ತಾಗಿತು.

"ಶಾಕ್ ಹೊಡೀತಾ?" ಎಂದು ಕೇಳಿದೆ.

"ಶಾಕ್ ಹೊಡದಿದ್ರ ಚಲೋ ಇತ್ತು. ಕಾರಿನ ಬ್ಯಾಟ್ರಿ ಶಾಕ್ ಹೊಡ್ಯಂಗಿಲ್ಲ. ಹಂಗಂತ ಮಂದಿ ಅದಕ್ಕ ಅಂಜೂದಿಲ್ಲ. ಅದು ಬರೇ ಸುಡತೈತಿ. ಬಂಗಾರ ಕೆಂಪಗಾಗೂದು ನನ್ನ ಬೆರಳಾಗ ನೋಡೇನಿ ತಂಗೆವ್ವ. ಉಂಗರಾ ಕತ್ತರಸಿ ತಗದ್ರು."

"ಆಮೇಲೆ ಹೊಸ ಉಂಗುರ ಮಾಡಿಸ್ಲಿಲ್ವಾ?"

"ಹಾಕಾಕಿ ಇರಲಿಲ್ಲಲ್ಲ. ಚೊಚ್ಚಲ ಬಾಣಂತನಕ್ಕ ತವರಿಗೆ ಹೋದಾಕಿ, ಆ ವರ್ಷನ ಹೋದ್ಲು." ಇಷ್ಟು ಹೇಳಿ ಮತ್ತೊಂದು ತಂತಿಯ ತುದಿ ಹೆರೆಯತೊಡಗಿದರು. ಗಾಡಿಯ ಹತ್ತಿರ ಹೋಗುವ ಮೊದಲು ಡ್ರೈವರುಗಳ ಕೈಗಡಿಯಾರ, ಉಂಗುರ, ಸೊಂಟದ ಬೀಗದ ಕೈ ಎಲ್ಲವನ್ನೂ ಬಿಚ್ಚಿಸಿ ಒಂದು ಡಬ್ಬಿಗೆ ಹಾಕಿಸುತ್ತಿದ್ದರಲ್ಲ, ಅದು ಯಾಕೆಂದು ಆವತ್ತು ತಿಳಿಯಿತು.

ಅವರ ಇನ್ನೊಂದು ಪದ್ಧತಿ ನನಗೆ ಬಹಳ ಇಷ್ಟ. ದೀಪ ಹಾಕಿ ಮುಗಿದ ಮೇಲೆ ಕಾಲು ಗಂಟೆ ಉರಿಸಿ, ಅಂಗೈಯಲ್ಲಿ ಅಲ್ಲ, ಕೈಯ ಹಿಂಬದಿಯಿಂದ ತಂತಿಯನ್ನು ಉದ್ದಕ್ಕೂ ಮುಟ್ಟಿ ನೋಡುವುದು, ಮಗುವಿನ ಹಣೆ ಮುಟ್ಟಿದ ಹಾಗೆ. ಬೆಚ್ಚಗಿದ್ದರೆ "ಜ್ವರಾ ಬಂದೈತಿ" ಎಂದು ಎಲ್ಲ ಕಿತ್ತು ದಪ್ಪ ತಂತಿ ಹಾಕುವುದು. ಒಮ್ಮೆ ನನಗೇ ಜ್ವರ ಬಂತು. ಇವರು ಮಂಗಳೂರಿಗೆ ಹೋಗಿದ್ದರು. ಎರಡು ದಿನ ಮಜ್ಜಿಗೆ ಹೋಗಲಿಲ್ಲ. ಮೂರನೆಯ ದಿನ ಕಿಟಕಿಯ ಹೊರಗೆ ಧ್ವನಿ: "ತಂಗೆವ್ವಾ, ಅದೀ ಏನ?" ಎದ್ದು ಹೋಗಿ ಕಿಟಕಿಯ ಸಲಾಕೆಯ ನಡುವಿನಿಂದ ಕೈ ಚಾಚಿದೆ. ಅವರು ಕೈಯ ಹಿಂಬದಿಯಿಂದ ಮುಟ್ಟಿ, "ಭಾಳ ಸುಡಾಕತ್ತೈತಿ," ಎಂದು ಕೆಲಸ ಬಿಟ್ಟು ಹೋಗಿ ಕಂಪೌಂಡರನ್ನು ಕರೆತಂದರು. ಆ ಕೈ ಮುಟ್ಟಿದ ಮೇಲೆ ನಾನು ಅತ್ತಿದ್ದು ಜ್ವರಕ್ಕಲ್ಲ. ಎಷ್ಟು ದಿನವಾಗಿತ್ತು ನೋಡಿ, ಯಾರಾದರೂ ನನ್ನನ್ನು ಕೇಳಿ.

ಇನ್ನು ಸಾಹುಕಾರರ ದೀಪದ ವಿಷಯ. ಅವರ ಕಾರಿನ ಹಳೆಯ ದೀಪ ಘಟ್ಟದ ಮಂಜಿನಲ್ಲಿ ಏನೂ ಸಾಲದು. ಬೊಂಬಾಯಿಯಿಂದ ಎರಡು ದೊಡ್ಡ ದೀಪ ತರಿಸಿದರು, ಒಂದೊಂದು ಹೋಳಿಗೆ ತಟ್ಟೆಯಷ್ಟು ಅಗಲ. ಹಳೆಯದನ್ನು ತೆಗೆದು ಅವನ್ನು ಕೂರಿಸಬೇಕು. ಬೇರೆಯವರಾಗಿದ್ದರೆ ಇದ್ದ ತಂತಿಗೇ ಸಿಕ್ಕಿಸಿ ಮಧ್ಯಾಹ್ನದೊಳಗೆ ಕಳಿಸುತ್ತಿದ್ದರು. ನಮ್ಮ ಮೇಸ್ತ್ರಿ ಮೂರು ದಿನ ತಗೊಂಡರು. ಹಳೆಯ ತಂತಿ, ಹಳೆಯ ಸ್ವಿಚ್ಚು ಇಷ್ಟು ದೊಡ್ಡ ದೀಪಕ್ಕೆ ತಡೆಯುವುದಿಲ್ಲವೆಂದು ಬ್ಯಾಟರಿಯಿಂದಲೇ ಬೇರೆ ದಪ್ಪ ತಂತಿ ಎಳೆದರು. ಬೇರೆ ಸ್ವಿಚ್ಚು ಹಾಕಿದರು. ತಂತಿ ತಗಡಿನ ತೂತು ದಾಟುವ ಕಡೆಯೆಲ್ಲ ಸೈಕಲ್ ಟ್ಯೂಬು ಕತ್ತರಿಸಿ ರಬ್ಬರಿನ ಬಳೆ ತೊಡಿಸಿದರು, ಗಾಡಿ ಕುಲುಕಿದಾಗ ತಗಡಿನ ಅಂಚು ತಂತಿಯನ್ನು ತಿನ್ನಬಾರದೆಂದು. ಬ್ಯಾಟರಿಯ ಪಕ್ಕದಲ್ಲೇ ಪಿಂಗಾಣಿಯ ಒಂದು ಪುಟ್ಟ ಫ್ಯೂಸು ಕೂರಿಸಿದರು: ಎರಡು ಸ್ಕ್ರೂ, ನಡುವೆ ಕೂದಲೆಳೆಯಂಥ ತಂತಿ. ಎಲ್ಲಾದರೂ ಕರೆಂಟು ದಾರಿ ತಪ್ಪಿ ತಗಡಿಗೆ ತಾಗಿದರೆ ಮೊದಲು ಈ ಎಳೆ ಸುಟ್ಟು ದೀಪ ಆರಬೇಕು, ಗಾಡಿ ಉಳಿಯಬೇಕು.

ಸಾಹುಕಾರರು ಬಂದು ರೇಗಿದರು. "ಎಂತ ಮೇಸ್ತ್ರಿ, ಎರಡು ದೀಪಕ್ಕೆ ಮೂರು ದಿನವಾ? ಅಷ್ಟರಲ್ಲಿ ಒಂದು ಮದುವೆ ಚಪ್ಪರ ಎದ್ದು ನಿಲ್ತಿತ್ತು."

"ಚಪ್ಪರಕ್ಕ ಬೆಂಕಿ ಹತ್ತಿದ್ರ ಹೊರಗ ಓಡಬಹುದ್ರಿ ಸಾಹುಕಾರ್ರ. ಇದರಾಗ ನೀವು ಬಾಗಲಾ ಹಾಕ್ಕೊಂಡು ಕುಂತಿರ್ತೀರಿ."

ಹೊರಡುವಾಗ ಇವರು ಕೇಳಿದರು, "ಒಂದು ಮೊಳ ಫ್ಯೂಸ್ ತಂತಿ ಕೊಡಿ ಮೇಸ್ತ್ರಿ. ದಾರಿಯಲ್ಲಿ ಬೇಕಾಗ್ತದೆ."

"ಕೊಡಂಗಿಲ್ಲ."

"ಮಂಜಲ್ಲಿ ಹೋಗಿಬಿಟ್ರೆ?"

"ಮಡ್‌ಗಾರ್ಡಿನ ಮ್ಯಾಲಿನ ಸಣ್ಣ ದೀಪ ಹಚ್ಚಿ ನಿಧಾನ ಬರ್ರಿ. ತಂತಿ ಕೊಟ್ಟೆ ಅಂದ್ರ ಹಾಕ್ಕೊಂಡು ಹೋಗಿಬಿಡ್ತೀರಿ. ಮೊದ್ಲಿಂದು ಯಾಕ ಹೋತು ಅಂತ ಒಬ್ರೂ ನೋಡಂಗಿಲ್ಲ. ಅದು ಹೋತು ಅಂದ್ರ ಏನೋ ಹೇಳಾಕ ಹೋಗೈತಿ. ನನ್ನ ಹತ್ರ ತರ್ರಿ, ನಾ ಕೇಳ್ತೇನಿ."

ಊರಿನ ಡ್ರೈವರುಗಳೆಲ್ಲ ಅವರ ಈ ಹಟಕ್ಕೆ ಬೈಯುತ್ತಿದ್ದರು. ಯಾರಿಗೂ ಒಂದು ಗೇಣು ತಂತಿ ಹೆಚ್ಚಿಗೆ ಕೊಟ್ಟವರಲ್ಲ.

ಚಳಿಗಾಲ. ನಾನು ತವರಿಗೆ ಹೋಗಿದ್ದೆ. ಸಾಹುಕಾರರು ಯಲ್ಲಾಪುರದಲ್ಲಿ ನಾಲ್ಕು ದಿನ ಉಳಿಯುವವರಿದ್ದು, ಇವರಿಗೆ ಖಾಲಿ ಕಾರು ಶಿರಸಿಗೆ ಒಯ್ಯಲು ಹೇಳಿದ್ದರು. ಸಾಹುಕಾರರ ಮನೆಯವರ ಹೊರತು ಯಾರೂ ಆ ಕಾರಿನಲ್ಲಿ ಕೂರಬಾರದೆಂದು ಕಟ್ಟುನಿಟ್ಟು. ಕೂತದ್ದು ಗೊತ್ತಾಗಿ ಹಿಂದಿನ ಡ್ರೈವರ್ ಕೆಲಸ ಕಳೆದುಕೊಂಡಿದ್ದ. ಆದರೆ ನಾನು ಕೇಳಬೇಕಲ್ಲ! "ಮದುವೆಯಾಗಿ ವರ್ಷ ಆತು, ನಿಮ್ಮ ಕಾರಿನ ಸೀಟು ಮೆತ್ತಗಿದ್ದಾ ಗಟ್ಟಿ ಇದ್ದಾ ಹೇಳಿ ನಂಗೆ ಗೊತ್ತಿಲ್ಲೆ," ಎಂದು ಕಾಗದ ಬರೆಸಿದ್ದೆ. ಪಾಪ, ಇವರು ಕಾರು ತಿರುಗಿಸಿ ವಜ್ರಳ್ಳಿಗೆ ಬಂದರು. ನಾನು ಅಬ್ಬಲಿಗೆ ಹೂ ಮುಡಿದು ಮುಂದಿನ ಸೀಟಿನಲ್ಲೇ ಕೂತೆ. ಅಷ್ಟು ಸಂತೋಷ ನನಗೆ ಆ ವರ್ಷ ಬೇರೆ ಯಾವತ್ತೂ ಆಗಿರಲಿಲ್ಲ.

ಮಂಚಿಕೇರಿ ದಾಟಿದ ಮೇಲೆ ಹೊತ್ತು ಕಂತಿತು. ಮಂಜು ಇಳಿಯಿತು. ಒಂದು ಹೊಂಡಕ್ಕೆ ಚಕ್ರ ಧಡ್ಡೆಂದು ಬಿದ್ದದ್ದೇ ಎರಡೂ ದೀಪ ಆರಿದವು. ಇವರು ಇಳಿದು ಬಾನೆಟ್ ಎತ್ತಿ ನೋಡಿದರು.

"ಫ್ಯೂಸ್ ಹೋತು. ಎಂತಾರೂ ತಂತಿ ಗಿಂತಿ ಇದ್ದನೇ ನಿನ್ನ ಹತ್ರ?"

ಸಣ್ಣ ದೀಪದಲ್ಲಿ ನಿಧಾನ ಬರಬಹುದಿತ್ತು. ಮೇಸ್ತ್ರಿ ಹೇಳಿದ್ದೂ ಅದನ್ನೇ. ಆದರೆ ನಿಧಾನ ಹೋದರೆ ತಡವಾಗುತ್ತದೆ, ದಾರಿಯಲ್ಲಿ ಯಾರಾದರೂ ನನ್ನನ್ನು ಕಾರಿನಲ್ಲಿ ನೋಡಿಬಿಟ್ಟರೆ ಎಂದು ಇವರಿಗೆ ಹೆದರಿಕೆ. ನಾನು ತುರುಬಿಗೆ ಕೈ ಹಾಕಿದೆ. ಎರಡು ಕಾಲಿನ ದಪ್ಪ ಪಿನ್ನೊಂದನ್ನು ಕಿತ್ತು ಕೊಟ್ಟೆ. "ಇದು ಆಗ್ತಾ ನೋಡಿ." ಆಗದೇ ಏನು! ಅದರ ಎರಡು ಕಾಲು ಆ ಎರಡು ಸ್ಕ್ರೂಗಳಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ದೀಪ ಝಗ್ಗೆಂದಿತು. ಮಂಜೆಲ್ಲ ಹಾಲಾಯಿತು.

"ನಿಮ್ಮ ಮೇಸ್ತ್ರಿ ಮೂರು ದಿನ ಮಾಡಿದ್ದನ್ನ ನನ್ನ ತುರುಬು ಮೂರು ನಿಮಿಷಕ್ಕೆ ಮಾಡ್ತು," ಎಂದೆ. ಇಬ್ಬರೂ ಶಿರಸಿ ತನಕ ನಕ್ಕೆವು.

ಮರುದಿನ ಮೇಸ್ತ್ರಿಯ ಹತ್ತಿರ ಹೋಗಬೇಕಿತ್ತು. ಇವರು ಹೋಗಲಿಲ್ಲ. "ಎಲ್ಲಿ ಹೋತು, ಪಿನ್ನು ಯಾರದ್ದು ಹೇಳಿ ಕೇಳಿದ್ರೆ ಎಂತ ಹೇಳ್ಲಿ? ಸಾಹುಕಾರಂಗೆ ಗೊತ್ತಾದ್ರೆ ಕೆಲ್ಸ ಹೋಗ್ತು." ನಾನಾದರೂ ಹೇಳಬಹುದಿತ್ತು. ದಿನಾ ಕಿಟಕಿಯಲ್ಲಿ ಮಾತಾಡುತ್ತಿದ್ದವಳು ನಾನೇ ತಾನೇ? "ಚೆನ್ನಾಗೇ ಉರೀತಾ ಇದ್ದಲ, ಇರ್ಲಿ ಬಿಡಿ," ಎಂದುಬಿಟ್ಟೆ.

ವಾರ ಕಳೆಯಿತೋ ಇಲ್ಲವೋ, ಸಾಹುಕಾರರು ತಮ್ಮ ತಾಯಿಯನ್ನು ಕರೆದುಕೊಂಡು ಸಿದ್ದಾಪುರದ ಕಡೆಯ ಮನ್ಮನೆಗೆ ಒಂದು ಮದುವೆಗೆ ಹೋದರು. ವಾಪಸ್ ಬರುವಾಗ ಮುಸ್ಸಂಜೆ. ದೀಪ ಹಾಕಿ ಸ್ವಲ್ಪ ದೂರ ಬಂದಿದ್ದರು. ಮೊದಲು ರಬ್ಬರು ಸುಟ್ಟ ವಾಸನೆ, ಆಮೇಲೆ ಇವರ ಮೊಣಕಾಲಿನ ಹತ್ತಿರ ಹೊಗೆ, ಗಾಡಿ ನಿಲ್ಲಿಸುವಷ್ಟರಲ್ಲಿ ಬಾನೆಟ್ಟಿನ ಸಂದಿಯಲ್ಲಿ ಬೆಂಕಿ. ಬ್ಯಾಟರಿಯ ತಂತಿ ಕಳಚಲು ಕೈ ಹಾಕಲೂ ಆಗಲಿಲ್ಲ. ಮುದುಕಮ್ಮನ ಸೀರೆಯ ಅಂಚಿಗೆ ಬೆಂಕಿ ತಾಗಿತ್ತು. ಎಳೆದು ಹೊರಹಾಕುವಾಗ ಕಾಲು ಸುಟ್ಟಿತು. ದಾರಿಹೋಕರು ಮಣ್ಣು ಎರಚಿ ಆರಿಸಿದರಂತೆ. ಜೀವ ಉಳಿಯಿತು. ಕಾರಿನ ಅರ್ಧ ಮುಖ ಹೋಯಿತು.

ಮರುದಿನ ಸುಟ್ಟ ಕಾರನ್ನು ಲಾರಿಗೆ ಕಟ್ಟಿ ಎಳೆದು ತಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಜನ ಸೇರಿದರು. ಸಾಹುಕಾರರು ಬೆರಳು ತೋರಿಸಿ ಕೂಗಿದರು: "ನನ್ನ ಅಬ್ಬೆಯನ್ನ ಸುಡ್ತಿದ್ಯಲ್ಲೋ ನೀನು!"

ಮೇಸ್ತ್ರಿ ಎಂದಿನಂತೆ ಚಿಂದಿ ಬಟ್ಟೆ ತಗೊಂಡು ಬಾನೆಟ್ ಎತ್ತಿದರು. ನಾನು ಕಿಟಕಿಯ ಸಲಾಕೆ ಹಿಡಿದು ನಿಂತಿದ್ದೆ. ಅವರ ಕೈ ಫ್ಯೂಸಿನ ಕಡೆ ಹೋಗಿ ನಿಂತಿತು. ಏನನ್ನೋ ಬಿಡಿಸಿಕೊಂಡು ಕಿಸೆಗೆ ಹಾಕಿಕೊಂಡರು. ಒಮ್ಮೆ ಇವರನ್ನು ನೋಡಿದರು. ಇವರು ನೆಲ ನೋಡುತ್ತಿದ್ದರು. ಆಮೇಲೆ ಕಿಟಕಿಯ ಕಡೆ ನೋಡಿದರು. ನಾನು ಕೆಳಗೆ ಕೂತುಬಿಟ್ಟೆ. ಕೂತಲ್ಲಿಂದಲೇ ಅವರ ಧ್ವನಿ ಕೇಳಿದೆ.

"ಮುಂದಿನ ತೂತಿನ ರಬ್ಬರು ಜಾರೈತ್ರಿ. ತಗಡು ತಂತೀನ ತಿಂದೈತಿ. ಅದು ನನ್ನ ಕೆಲಸದಾಗಿನ ತಪ್ಪು."

"ಕೇಳಿದ್ರಾ ಎಲ್ಲರೂ? ಅವನೇ ಒಪ್ಪಿದ!" ಎಂದರು ಸಾಹುಕಾರರು.

ಪಿನ್ನಿನ ಮಾತೇ ಇಲ್ಲ. ಸಂಜೆ ಮಜ್ಜಿಗೆ ಇಟ್ಟೆ. ತಂಬಿಗೆ ವಾಪಸ್ ಬಂತು. ತಳದಲ್ಲಿ ಸುಟ್ಟು ನೀಲಿಯಾದ ನನ್ನ ಪಿನ್ನು.

"ಮೇಸ್ತ್ರಿ..." ಎಂದೆ ಕಿಟಕಿಯಿಂದ.

ಅವರು ಬೆನ್ನು ತಿರುಗಿಸಿಯೇ ಹೇಳಿದರು: "ರಬ್ಬರು ಜಾರಿದ್ದು ನನ್ನ ತಪ್ಪು. ನಾ ಹೇಳೇನಿ. ಅದನ್ನ ನನಗ ತಿಳಸಾಕ ಆ ಫ್ಯೂಸು ಒಂದ್ ಸಲ ಸತ್ತಿತ್ತು. ಬಂದಿದ್ರ ಒಂದು ಚೂರು ಟ್ಯೂಬಿನ ಕೆಲಸ. ನೀವು ಅದರ ಬಾಯಿ ಮುಚ್ಚಿದ್ರಿ. ಆ ಮಾತು ಹೇಳೂದು ನನ್ನ ಕೆಲಸಲ್ಲ."

ಮರುದಿನದಿಂದ ತಂಬಿಗೆ ಖಾಲಿ ಬರತೊಡಗಿತು.

ಆಮೇಲಿನ ಎರಡು ತಿಂಗಳನ್ನು ನಾನು ಬರೆಯಲಾರೆ, ಆದರೂ ಬರೆಯುತ್ತೇನೆ. ಊರಿನಲ್ಲಿ ಅವರಿಗೆ "ಬೆಂಕಿ ಮೇಸ್ತ್ರಿ" ಎಂದು ಹೆಸರು ಬಿತ್ತು. ಗಾಡಿಗಳು ಶೆಡ್ಡಿನ ಮುಂದೆ ನಿಲ್ಲದೆ ಹಾರ್ನ್ ಹೊಡೆದುಕೊಂಡು ಹೋಗುತ್ತಿದ್ದವು. ಅವರು ಬೆಳಿಗ್ಗೆ ಎದ್ದು, ಕಸ ಗುಡಿಸಿ, ಸ್ಪ್ಯಾನರುಗಳನ್ನು ಒರೆಸಿ ಸಾಲಾಗಿ ಇಟ್ಟು, ಸಂಜೆ ಅದೇ ಸಾಲನ್ನು ಎತ್ತಿ ಪೆಟ್ಟಿಗೆಗೆ ಹಾಕುತ್ತಿದ್ದರು. ನಡುವೆ ಸುಮ್ಮನೆ ಕೂತಿರುತ್ತಿದ್ದರು. ಗೋಡೆಯ ಈಚೆ ನಾನೂ ಹಾಗೇ ಕೂತಿರುತ್ತಿದ್ದೆ. ಹತ್ತು ಮಾರು ದೂರದಲ್ಲಿ ಇಬ್ಬರು ಮನುಷ್ಯರು, ಇಬ್ಬರಿಗೂ ಮಾತಾಡಲು ಬೇರೆ ಯಾರೂ ಇಲ್ಲ, ಆದರೂ ಮಾತಿಲ್ಲ. ಅನ್ನದ ಪಾತ್ರೆಯನ್ನು ಮಾತಾಡಿಸುವುದನ್ನೂ ಬಿಟ್ಟೆ. ಬಲ್ಬಿನ ತೋರಣ ಬಿಚ್ಚಿ ಒಲೆಯ ಹಿಂದೆ ಇಟ್ಟೆ. ಹೋಗಿ ಹೇಳಿಬಿಡಲೇ ಎಂದು ಇವರನ್ನು ಕೇಳಿದರೆ ಒಂದೇ ಮಾತು, "ಹೇಳಡ. ಕೈ ಮುಗೀತೆ, ಹೇಳಡ." ಇವರಿಗೂ ರಾತ್ರಿ ನಿದ್ದೆ ಇರಲಿಲ್ಲ ಎಂಬುದು ನನಗೆ ಗೊತ್ತು.

ಒಂದು ಬೆಳಿಗ್ಗೆ ಮೇಸ್ತ್ರಿ ತಂತಿಯ ಸುರುಳಿಗಳನ್ನು ಗೋಣಿಗೆ ತುಂಬುತ್ತಿದ್ದರು. ಊರು ಬಿಡುತ್ತಿದ್ದಾರೆ ಎಂದು ಅರ್ಥವಾಯಿತು. ನಾನು ಒಲೆಯ ಬೆಂಕಿ ಹಿಂದಕ್ಕೆಳೆದು, ಇವರಿಗೆ ಹೇಳದೆ, ಸೆರಗು ಹೊದ್ದು ನೇರ ಸಾಹುಕಾರರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದರು. ಕಾಲು ಸುಟ್ಟಿದ್ದ ಅವರ ತಾಯಿ ಒಳಬಾಗಿಲಲ್ಲಿ ಕೂತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಕಾರಿನಲ್ಲಿ ಕೂತದ್ದು, ಫ್ಯೂಸು ಹೋದದ್ದು, ಪಿನ್ನು, ನಗು, ಆಮೇಲಿನ ಸುಮ್ಮನಿರುವಿಕೆ. "ನಿಮ್ಮ ಅಬ್ಬೆಯ ಕಾಲು ಸುಟ್ಟದ್ದು ನನ್ನ ಪಿನ್ನು. ಮೇಸ್ತ್ರಿ ಅಲ್ಲ."

ಸಾಹುಕಾರರು ಕವಳ ಉಗಿದು ಬಂದು ಕೂತರು. ನನ್ನ ಮಾತನ್ನು ಅವರು ಪೂರ್ತಿ ನಂಬಿದರು. ಅದೇ ನನಗೆ ಇವತ್ತಿಗೂ ತಡೆಯಲಾಗದ ವಿಷಯ.

"ನಿನ್ನ ಗಂಡನ ಕೆಲ್ಸ ಹೋಗ್ತಿಲ್ಲೆ, ಹೆದರಡ. ಮಂಜಲ್ಲಿ ಘಟ್ಟ ಇಳಿಸುವ ಡ್ರೈವರು ಮತ್ತೊಬ್ಬ ಎಲ್ಲಿ ಸಿಕ್ತ?"

"ಮೇಸ್ತ್ರಿದು? ಪ್ಯಾಟೆಯಲ್ಲಿ ನೀವು ಒಂದು ಮಾತು ಹೇಳಿದ್ರೆ ಸಾಕು."

"ನಾಲ್ಕು ಜನ್ರ ಎದುರಿಗೆ ಆಡಿದ ಮಾತು ತಂಗೀ. ಒಂದು ಕೂದಲ ಪಿನ್ನಿಗೆ ಆನು ಅದನ್ನ ವಾಪಸ್ ನುಂಗವನೇ?"

ಒಳಬಾಗಿಲಿನಿಂದ ಮುದುಕಮ್ಮ ಏನೋ ಹೇಳಲು ಬಾಯಿ ತೆರೆದರು. ಮಗ ತಿರುಗಿ ನೋಡಿದ್ದೇ ಮುಚ್ಚಿಕೊಂಡರು.

ಆ ಕೆಲಸದಲ್ಲಿ ಇವರು ಮತ್ತೂ ಹತ್ತು ಹನ್ನೆರಡು ವರ್ಷ ಇದ್ದರು. ನಮ್ಮ ಮಕ್ಕಳು ಬೆಳೆದದ್ದು ಅದೇ ಅನ್ನದಲ್ಲಿ. ಪಿನ್ನು ಕೊಟ್ಟವಳಿಗೂ ಹಾಕಿದವರಿಗೂ ಅನ್ನ ಇತ್ತು, ರಬ್ಬರಿನ ಬಳೆ ತೊಡಿಸಿದವರಿಗೆ ಮಾತ್ರ ಇರಲಿಲ್ಲ. ಈಗಲೂ ಮನೆಯಲ್ಲಿ ಯಾವ ವಯರು ಕಂಡರೂ ನಾನು ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತೇನೆ. ಮೊಮ್ಮಕ್ಕಳು ಫೋನು ಚಾರ್ಜಿಗೆ ಹಾಕಿ ಮರೆತರೆ, ಬೆಚ್ಚಗಾಗಿದ್ದರೆ, ಕಿತ್ತುಬಿಡುತ್ತೇನೆ. ಬೈಯುತ್ತಾರೆ. ಬೈಯಲಿ. ಫ್ಯೂಸು ಹೋದರೆ ಯಾಕೆ ಹೋಯಿತೆಂದು ತಿಳಿಯುವ ತನಕ ಕತ್ತಲಲ್ಲೇ ಕೂರಿಸುತ್ತೇನೆ ಎಲ್ಲರನ್ನೂ. ಇಷ್ಟರಿಂದ ಋಣ ತೀರುವುದಿಲ್ಲ ಎಂದು ಗೊತ್ತಿದೆ.

ಮೇಸ್ತ್ರಿ ತೀರಿಹೋದ ಸುದ್ದಿ ಬಂದದ್ದು ಕೆಲವು ವರ್ಷಗಳ ಮೇಲೆ, ಅರವತ್ತರ ದಶಕ ಮುಗಿಯುವ ಮೊದಲೇ. ಹುಬ್ಬಳ್ಳಿಯಿಂದ ಬಂದ ಒಬ್ಬ ಲಾರಿ ಡ್ರೈವರ್ ಇವರಿಗೆ ಹೇಳಿದ್ದ. ರಿಪೇರಿಗೆಂದು ಗಾಡಿ ತಂದವರು ಕೂಗಿ ನೋಡಿದರೆ ಮೇಸ್ತ್ರಿ ಟೈರಿಗೆ ಒರಗಿ ಕೂತಿದ್ದರಂತೆ. ಕೆಲಸದ ನಡುವೆ ಸುಸ್ತಾಗಿ ಕೂತ ಹಾಗೆ. ಅಳಲು ಮನೆಯವರು ಯಾರೂ ಇರಲಿಲ್ಲವಂತೆ. ಇವರು ಊಟದ ಎಲೆಯ ಮುಂದೆ ಕೂತು ಅದನ್ನು ಹೇಳಿದರು. ನಾನು ಬಡಿಸುತ್ತಿದ್ದೆ. ಬಡಿಸಿದೆ. ಒಳಗೆ ಹೋಗಿ ಅತ್ತೆ.

ಆದರೆ ನನಗೆ ಅವರು ಕಾಣುವುದು ಹಾಗಲ್ಲ. ಶಿರಸಿ ಬಿಟ್ಟ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕೂತ ಹಾಗೆ. ಸಾಹುಕಾರರ ಜಗಲಿಯಿಂದ ಇಳಿದು ಅಲ್ಲಿಂದಲೇ ಓಡಿದ್ದೆ ನಾನು. ಕೈಯಲ್ಲಿ ಕೊಡಲು ಏನೂ ಇರಲಿಲ್ಲ. ಹುಬ್ಬಳ್ಳಿ ಬಸ್ಸಿನ ಮೇಲೆ ಅವರ ಪೆಟ್ಟಿಗೆ, ಗೋಣಿ ಏರಿಸಿ ಆಗಿತ್ತು. ಅವರು ಕಿಟಕಿಯ ಪಕ್ಕದ ಸೀಟಿನಲ್ಲಿ ಹಾಸಿಗೆ ಸುರುಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಈ ಸಲ ಸಲಾಕೆಯ ಒಳಗೆ ಅವರು, ಹೊರಗೆ ನಾನು. ಏದುಸಿರು ಬಿಡುತ್ತ ಎಲ್ಲ ಒದರಿದೆ. ಹೇಳಿಬಂದದ್ದು, ಸಾಹುಕಾರರು ನಂಬಿದ್ದು, ಆದರೂ ಮಾತು ವಾಪಸ್ ತಗೊಳ್ಳುವುದಿಲ್ಲ ಎಂದದ್ದು. ಮೇಸ್ತ್ರಿ ಕೇಳಿದರು. ಬಸ್ಸು ಗುರುಗುಟ್ಟತೊಡಗಿತು. ಕಂಡಕ್ಟರ್ ಸೀಟಿ ಊದಿದ.

"ಮೇಸ್ತ್ರಿ, ನಾನು ಹೇಳಿ ಬಂದೆನಲ್ಲ," ಎಂದೆ. "ಈಗಾದ್ರೂ ನನ್ನ ಮೇಲಿನ ಸಿಟ್ಟು ಬಿಟ್ಟು ಹೋಗಿ."

ಅವರು ಹಾಸಿಗೆ ಸುರುಳಿಯನ್ನು ಸರಿಯಾಗಿ ತಬ್ಬಿ ಕೂತು, ನನ್ನನ್ನು ನೋಡಿ ಹೇಳಿದರು:

"ಸಿಟ್ಟಾ? ಅದೊಂದಾದ್ರೂ ನನ್ನ ಜೋಡಿ ಬರಲಿ ಬಿಡವಾ. ಹುಬ್ಬಳ್ಳಿತನಕ ಒಬ್ಬನ ಹೊಂಟೇನಿ."